ಮೊದಲು ಪ್ರಶ್ನೆ, ಆಮೇಲೆ ಸೂಜಿ

ಫೆಬ್ರವರಿ ೩, ಸೋಮವಾರ

ಊರ ಪತ್ರಿಕೆಯಲ್ಲಿ ನನ್ನ ಪ್ರಕಟಣೆ ಬಂದಿದೆ. ಹನ್ನೊಂದನೇ ಪುಟದ ತಳದಲ್ಲಿ, ಮಾರಾಟಕ್ಕಿರುವ ಟ್ರ್ಯಾಕ್ಟರೊಂದರ ಪಕ್ಕಕ್ಕೆ. 'ಫೆಬ್ರವರಿ ಐದಕ್ಕೆ ನನಗೆ ಎಪ್ಪತ್ತು ತುಂಬುತ್ತದೆ. ಭೇಟಿ, ಉಡುಗೊರೆ, ಶುಭಾಶಯ ಯಾವುದೂ ಬೇಡವೆಂದು ವಿನಂತಿ. ಬೋಡಿಲ್ ಥಾರುಪ್.' ನಾನು ಬರೆದುಕೊಟ್ಟಂತೆಯೇ ಅಚ್ಚಾಗಿದೆ, ಒಂದು ತಪ್ಪೂ ಇಲ್ಲ.

ಡೆನ್ಮಾರ್ಕಿನಲ್ಲಿ ನಮ್ಮ ಜಟ್ಲೆಂಡಿನ ಈ ಮೂಲೆಯಲ್ಲಿ ದೊಡ್ಡ ಹುಟ್ಟುಹಬ್ಬ ಬಂತೆಂದರೆ ಎರಡೇ ದಾರಿ. ಒಂದೋ ಬಾಗಿಲು ತೆರೆದಿಟ್ಟು, ಬೆಳಗಿನ ಆರೂವರೆಗೆ ಅಕ್ಕಪಕ್ಕದವರು ಹಾಡುತ್ತ ಬರುವುದನ್ನು ಕಾಯಬೇಕು. ಇಲ್ಲವೇ ಹೀಗೆ ಬೇಡವೆಂದು ಅಚ್ಚು ಹಾಕಿಸಬೇಕು. ಬೇಕರಿಯ ಹೆಡ್ವಿಗ್ ತನ್ನ ಅರವತ್ತಕ್ಕೆ ಬೇಡವೆಂದೇ ಹಾಕಿಸಿದ್ದಳು. ನಲವತ್ತು ಜನ ಬಂದರು, ಅಕಾರ್ಡಿಯನ್ ಸಮೇತ. ಅಯ್ಯೋ ಯಾಕೆ ಬಂದಿರಿ ಎನ್ನುತ್ತ ಅವಳು ಕೆನ್ನೆ ಕೆಂಪಗೆ ಮಾಡಿಕೊಂಡು ಓಡಾಡಿದ್ದು ನನಗಿನ್ನೂ ಕಣ್ಣಿಗೆ ಕಟ್ಟಿದಂತಿದೆ.

ನಾನಂತೂ ನಿಜವಾಗಿಯೇ ಬೇಡ ಎಂದು ಹಾಕಿಸಿದ್ದು. ಆದರೂ ನಾಳೆ ಇಪ್ಪತ್ತನಾಲ್ಕು ಬನ್ನು ಬೇಯಿಸಿಡುತ್ತೇನೆ. ಮುನ್ನೆಚ್ಚರಿಕೆ, ಅಷ್ಟೆ.

ಫೆಬ್ರವರಿ ೫, ಬುಧವಾರ

ಐದೂವರೆಗೆ ಎದ್ದೆ. ನೀಲಿ ಬ್ಲೌಸ್ ಹಾಕಿಕೊಂಡೆ. ಎರಡು ದೊಡ್ಡ ಫ್ಲಾಸ್ಕಿನ ತುಂಬ ಕಾಫಿ ಮಾಡಿದೆ. ಆರೂವರೆಗೆ ಹೊರಗಿನ ದೀಪ ಹಾಕಿದೆ, ಬಂದವರು ಮೆಟ್ಟಿಲಲ್ಲಿ ಜಾರಬಾರದಲ್ಲ.

ಹತ್ತು ಗಂಟೆಗೆ ದೀಪ ಆರಿಸಿದೆ.

ಇವತ್ತು ಡೆನ್ಮಾರ್ಕಿನ ರಾಣಿಯ ಹುಟ್ಟುಹಬ್ಬವೂ ಹೌದು. ಶಾಲೆಯ ಮೇಲೆ, ಬಂದರು ಕಚೇರಿಯ ಮೇಲೆ, ಎಲ್ಲ ಕಡೆ ಬಾವುಟ. ಪಕ್ಕದ ಮನೆಯ ಐನಾರ್ ಕೂಡ ತನ್ನ ಅಂಗಳದ ಕಂಬಕ್ಕೆ ಏರಿಸಿದ್ದಾನೆ. ಬಸ್ಸು ಓಡಿಸುತ್ತಿದ್ದಾಗ ರಾಜಮನೆತನದ ಹೆಸರೆತ್ತಿದರೆ ಸಾಕು, ಪ್ರಯಾಣಿಕರಿಗೆಲ್ಲ ಅದರ ವಿರುದ್ಧ ಭಾಷಣ ಬಿಗಿಯುತ್ತಿದ್ದವನು. ವಯಸ್ಸಾದಂತೆ ಜನ ಎಷ್ಟು ಮೆತ್ತಗಾಗುತ್ತಾರೆ ಎಂದುಕೊಂಡೆ. ಅವನು ಕಂಬದ ಬುಡದಲ್ಲಿ ನಿಂತು ಸ್ವಲ್ಪ ಹೊತ್ತು ಈ ಕಡೆಗೇ ನೋಡಿದ. ನಾನು ಪರದೆಯ ಹಿಂದಕ್ಕೆ ಸರಿದೆ. ನೀಲಿ ಬ್ಲೌಸ್ ಕಂಡಿದ್ದರೆ ಏನೆಂದುಕೊಳ್ಳುತ್ತಿದ್ದನೋ.

ಮೂವತ್ತಾರು ವರ್ಷ ಊರಿನ ಆರೋಗ್ಯ ಕೇಂದ್ರದ ಪ್ರಯೋಗಾಲಯದಲ್ಲಿ ರಕ್ತ ತೆಗೆದವಳು ನಾನು. ಈ ಊರಲ್ಲಿ ನಾನು ಸೂಜಿ ಚುಚ್ಚದ ತೋಳಿಲ್ಲ. ಅಷ್ಟು ತೋಳುಗಳಲ್ಲಿ ಒಂದಾದರೂ ಬಾಗಿಲು ತಟ್ಟಬಹುದಿತ್ತು.

ಇಡೀ ದಿನ ಬಂದದ್ದು ಒಂದೇ ಸಂದೇಶ, ಹಲ್ಲಿನ ಡಾಕ್ಟರದು. ಆರು ತಿಂಗಳ ತಪಾಸಣೆ ಬಾಕಿಯಂತೆ.

ಫೆಬ್ರವರಿ ೬

ಬನ್ನುಗಳನ್ನು ಫ್ರೀಜರಿಗೆ ಹಾಕಿದೆ. ಇಪ್ಪತ್ತಮೂರು. ಸೋಫಾದ ಮೇಲೆ ಮಲಗಿದೆ.

ಫೆಬ್ರವರಿ ೭

ಸೋಫಾ.

ಫೆಬ್ರವರಿ ೯

ಸೋಫಾ. ಪಡುಗಡಲಿನ ಗಾಳಿ ಜೋರು. ಏಳುವುದಕ್ಕೆ ಕಾರಣವೊಂದನ್ನು ಹುಡುಕಿದೆ, ಸಿಗಲಿಲ್ಲ. ನೀರು ಕುಡಿಯುವುದಕ್ಕೂ ಬೇಸರ.

ಫೆಬ್ರವರಿ ೧೧, ಮಂಗಳವಾರ

ಇವತ್ತು ಎದ್ದೆ, ಸ್ನಾನ ಮಾಡಿದೆ. ನನ್ನ ಬಗ್ಗೆ ನನಗೇ ನಾಚಿಕೆಯಾಯಿತು. ಎಪ್ಪತ್ತರ ಹೆಂಗಸು ಐದು ವರ್ಷದ ಹುಡುಗಿಯಂತೆ ಮುನಿಸಿಕೊಂಡು ಮಲಗುವುದೆಂದರೇನು? ಇದನ್ನು ಯಾರಿಗೂ ಹೇಳುವುದಿಲ್ಲ. ಹೇಳಲು ಯಾರಿದ್ದಾರೆ ಎನ್ನುವುದು ಬೇರೆ ಮಾತು.

ಫೆಬ್ರವರಿ ೧೪, ಶುಕ್ರವಾರ

ಎಡಗಾಲಿನ ಮೀನಖಂಡದಲ್ಲಿ ನೋವು. ಒತ್ತಿದರೆ ಒಳಗೆಲ್ಲೋ ಜೋರಾಗಿ ನೋಯುತ್ತದೆ. ಸ್ನಾಯು ಹಿಡಿದುಕೊಂಡಿರಬೇಕು.

ಫೆಬ್ರವರಿ ೧೭, ಸೋಮವಾರ

ಸ್ನಾಯು ಅಲ್ಲವೇನೋ. ಹಳೆಯ ಚಾಳಿ ಬಿಡಲಿಲ್ಲ, ಹೊಲಿಗೆ ಪೆಟ್ಟಿಗೆಯಿಂದ ಟೇಪು ತೆಗೆದೆ. ಮೊಣಕಾಲಿನ ಕೆಳಗೆ ಹತ್ತು ಸೆಂಟಿಮೀಟರಿಗೆ ಪೆನ್ನಿನಿಂದ ಗೆರೆ ಎಳೆದು ಎರಡೂ ಕಾಲು ಅಳೆದೆ. ಬಲ ಮೂವತ್ತಾರು, ಎಡ ಮೂವತ್ತೇಳೂವರೆ. ವ್ಯತ್ಯಾಸ ಮೂರು ಸೆಂಟಿಮೀಟರ್ ಮುಟ್ಟಿದರೆ, ರಕ್ತ ಹೆಪ್ಪುಗಟ್ಟಿದೆಯೇ ಎಂದು ನೋಡುವ ಪಟ್ಟಿಯಲ್ಲಿ ಒಂದು ಅಂಕ. ಮುಟ್ಟಿಲ್ಲ. ದಿನಾ ಅಳೆಯುತ್ತೇನೆ. ಬೆಳಗ್ಗೆ ಏಳಲು ಒಂದು ಕಾರಣವಾಯಿತು.

ಫೆಬ್ರವರಿ ೨೨, ಶನಿವಾರ

ಮೂವತ್ತೆಂಟು. ಗೆರೆ ಸ್ನಾನದಲ್ಲಿ ಮಾಸುತ್ತದೆ, ದಿನಾ ತಿದ್ದುತ್ತೇನೆ. ಪ್ರಶ್ನೆಗಳ ಪಟ್ಟಿ ನನಗೆ ಬಾಯಿಪಾಠ. ಒತ್ತಿದರೆ ನೋವೇ? ಒಂದು ಅಂಕ. ಇತ್ತೀಚೆಗೆ ಮೂರು ದಿನ ಅಥವಾ ಹೆಚ್ಚು ಮಲಗಿಯೇ ಇದ್ದಿರಾ? ಒಂದು ಅಂಕ. ಎರಡು ಅಂಕವಾದರೆ ಕಾಲನ್ನು ಸ್ಕ್ಯಾನ್ ಮಾಡಿಯೇ ನೋಡಬೇಕು. ಅದಕ್ಕಿಂತ ಕಡಿಮೆಯಿದ್ದರೆ ಮಾತ್ರ ರಕ್ತಪರೀಕ್ಷೆಯ ಮಾತು ನಂಬಬಹುದು.

ಕಲಿಯಲು ಬಂದ ಹುಡುಗಿಯರಿಗೆಲ್ಲ ನಾನು ಇದನ್ನೇ ಅರೆದು ಕುಡಿಸಿದ್ದು. ರಕ್ತ ಎಲ್ಲೋ ಹೆಪ್ಪುಗಟ್ಟಿದರೆ ದೇಹ ಅದನ್ನು ಕರಗಿಸಲು ಹೊರಡುತ್ತದೆ, ಕರಗುವಾಗ ಬೀಳುವ ಚೂರುಗಳು ರಕ್ತದಲ್ಲಿ ತೇಲುತ್ತವೆ. ಡಿ-ಡೈಮರ್ ಪರೀಕ್ಷೆ ಆ ಚೂರುಗಳನ್ನು ಎಣಿಸುತ್ತದೆ. ಚೂರು ಹೆಚ್ಚಿದ್ದರೆ ಅದಕ್ಕೆ ನೂರು ಕಾರಣ. ಕಡಿಮೆಯಿದ್ದರೆ ಹೆಪ್ಪಿಲ್ಲ ಎನ್ನಬಹುದು, ಆದರೆ ಪ್ರಶ್ನೆಗಳಿಗೆ ಸರಿಯಾದ ಉತ್ತರ ಸಿಕ್ಕಿದ್ದರೆ ಮಾತ್ರ. ಮೊದಲು ಪ್ರಶ್ನೆ, ಆಮೇಲೆ ಸೂಜಿ. ಪ್ರಶ್ನೆ ಕೇಳದೆ ರಕ್ತ ಕಳಿಸಿದ ಡಾಕ್ಟರುಗಳಿಗೆ ನಾನು ಬೈದದ್ದನ್ನು ಕಾರಿಡಾರಿನ ಆ ತುದಿಯವರೆಗೂ ಕೇಳಿದವರಿದ್ದಾರೆ.

ಫೆಬ್ರವರಿ ೨೪, ಸೋಮವಾರ

ಹೋಗಿ ಬಂದೆ. ಮೂರು ವರ್ಷದ ನಂತರ ಆ ಬಾಗಿಲು ದಾಟಿದ್ದು, ಅದೂ ರೋಗಿಯಾಗಿ.

ಹೊಸ ಡಾಕ್ಟರ್ ಥೋರ್ಕಿಲ್ ಎಂಬುವನು. ಗಡ್ಡ ಇನ್ನೂ ಸರಿಯಾಗಿ ಬಂದಿಲ್ಲ, ಆದರೆ ಪಟ್ಟಿ ಹಿಡಿದು ಒಂದೂ ಬಿಡದೆ ಕೇಳಿದ. ಮೆಚ್ಚಿಕೊಂಡೆ. ನೋವು ಯಾವಾಗಿನಿಂದ ಎಂದ. ಮೊನ್ನೆಯಿಂದ ಎಂದೆ. ಹತ್ತು ದಿನ ಎಂದರೆ ಇಷ್ಟು ದಿನ ಯಾಕೆ ಸುಮ್ಮನಿದ್ದಿರಿ, ಮನೆಯಲ್ಲಿ ಯಾರೂ ಹೇಳಲಿಲ್ಲವೇ ಎಂದು ಶುರುವಾಗುತ್ತದೆ.

ಆಮೇಲೆ ಅವನು, ಇತ್ತೀಚೆಗೆ ಮೂರು ದಿನಕ್ಕಿಂತ ಹೆಚ್ಚು ಮಲಗಿಯೇ ಇದ್ದಿರಾ ಎಂದು ಕೇಳಿದ. ಇಲ್ಲ ಎಂದೆ. ಎಷ್ಟು ಸಲೀಸಾಗಿ ಬಂತೆಂದರೆ ನನಗೇ ಆಶ್ಚರ್ಯ. ಹೌದು ಎಂದರೆ ಯಾಕೆ ಎಂದು ಕೇಳುತ್ತಾನಲ್ಲ. ಜ್ವರ ಎಂದು ಸುಳ್ಳು ಹೇಳಬಹುದಿತ್ತು, ಅದೂ ಹೊಳೆಯಲಿಲ್ಲ.

ಒಂದೇ ಅಂಕ. ರಕ್ತ ತೆಗೆಯಲು ನನ್ನದೇ ಕೋಣೆಗೆ ಕಳಿಸಿದ. ಅಲ್ಲೀಗ ಸಿಸೆಲ್ ಇದ್ದಾಳೆ. ನಾನೇ ಪಳಗಿಸಿದವಳು, ನಾನು ಬಿಟ್ಟ ಕೆಲಸಕ್ಕೆ ಬಂದವಳು. ನನ್ನ ಕುರ್ಚಿಗೆ ಹೊಸ ಬಟ್ಟೆ ಹೊದಿಸಿದ್ದಾಳೆ. ನೋವಾಗದಂತೆ ಚುಚ್ಚಿದಳು. ನೀಲಿ ಮುಚ್ಚಳದ ಕೊಳವೆಯನ್ನು ಗೆರೆಯವರೆಗೂ ತುಂಬಿಸಿ, ಮೆಲ್ಲಗೆ ತಿರುವಿದಳು, ಕುಲುಕಲಿಲ್ಲ. ಹೇಳಿಕೊಟ್ಟದ್ದು ವ್ಯರ್ಥವಾಗಿಲ್ಲ. ಯಂತ್ರ ಸಂಖ್ಯೆ ಕೊಡುವವರೆಗೆ ಕಾಲುಗಂಟೆ ಕೂತೆವು. ಅವಳು ನನ್ನ ಸ್ಟಾಕಿಂಗ್ ಎಳೆದು ಕೊಡಲು ಬಗ್ಗಿದಳು. ಕಾಲನ್ನು ನೋಡಿ ಏನೋ ಕೇಳಲು ಬಾಯಿ ತೆರೆದಳು, ಅಷ್ಟರಲ್ಲಿ ಯಂತ್ರ ಕೂಗಿತು.

ಆರುನೂರ ತೊಂಬತ್ತನಾಲ್ಕು.

ಐವತ್ತು ದಾಟಿದವರಿಗೆ ವಯಸ್ಸನ್ನು ಹತ್ತರಿಂದ ಗುಣಿಸಿದರೆ ಬರುವುದೇ ಮಿತಿ. ಅರವತ್ತೊಂಬತ್ತಾಗಿದ್ದರೆ ನನ್ನ ಮಿತಿ ಆರುನೂರ ತೊಂಬತ್ತು, ಫಲಿತಾಂಶ ಹೆಚ್ಚು. ಎಪ್ಪತ್ತಕ್ಕೆ ಏಳುನೂರು, ಫಲಿತಾಂಶ ಸರಿ. ಅಂತೂ ಹುಟ್ಟುಹಬ್ಬಕ್ಕೆ ಒಂದು ಉಡುಗೊರೆ ಸಿಕ್ಕಂತಾಯಿತು. ಥೋರ್ಕಿಲ್ ನಗುತ್ತ ಕೈಕುಲುಕಿ, ಮನೆಗೆ ಹೋಗಿ ಓಡಾಡುತ್ತಿರಿ, ಹೆಚ್ಚಾದರೆ ಬನ್ನಿ ಎಂದ.

ಫೆಬ್ರವರಿ ೨೫

ಮೂವತ್ತೆಂಟೂವರೆ. ಸಂಖ್ಯೆ ಸರಿಯಿದೆ. ಯಂತ್ರವನ್ನು ಸಿಸೆಲ್ ನಿನ್ನೆ ಬೆಳಗ್ಗೆಯಷ್ಟೇ ಪರೀಕ್ಷಿಸಿದ್ದಳಂತೆ. ಯಂತ್ರ ಸುಳ್ಳು ಹೇಳುವುದಿಲ್ಲ.

ಫೆಬ್ರವರಿ ೨೭, ಗುರುವಾರ

ಐನಾರ್ ಬೇಲಿಯಾಚೆಯಿಂದ, ಕುಂಟುತ್ತಿದ್ದೀಯಲ್ಲ ಎಂದ. ಏನಿಲ್ಲ ಎಂದೆ. ಸರಿ ಎಂದು ಒಳಗೆ ಹೋದ. ನಮ್ಮ ಕಡೆಯವರು ಏನಿಲ್ಲ ಎಂದರೆ ಏನಿಲ್ಲ ಎಂದೇ ತಿಳಿದುಕೊಂಡು ಹೋಗಿಬಿಡುತ್ತಾರೆ. ಇನ್ನೊಂದು ಸಲ ಕೇಳಿದರೆ ಇವರ ಗಂಟೇನು ಹೋಗುತ್ತಿತ್ತು?

ಮಾರ್ಚ್ ೧, ಶನಿವಾರ

ಸಿಸೆಲ್ ಫೋನ್ ಮಾಡಿದ್ದಳು. ರಜೆಯ ದಿನ. ಸುಮ್ಮನೆ ಮಾತಾಡಿಸೋಣವೆಂದು ಮಾಡಿದೆ ಎಂದಳು. ಹವೆ, ಅವಳ ಮಗಳ ಈಜು ತರಗತಿ ಎಲ್ಲ ಆಯಿತು. ಮಾತು ಮುಗಿಯುವ ಹೊತ್ತಿಗೆ ದನಿ ತಗ್ಗಿಸಿದಳು.

"ಬೋಡಿಲ್, ನಿಮ್ ಕಾಲ್ ಮೇಲೆ ಪೆನ್ನಿನ ಗೆರೆ ನೋಡ್ದೆ. ಅದರ ಮೇಲೆ ಎಷ್ಟು ಸಲ ತಿದ್ದಿದ್ರಿ? ಎರಡು ದಿನದ ನೋವಿಗೆ ಅಷ್ಟು ದಪ್ಪ ಗೆರೆ ಆಗಲ್ಲ."

ನನ್ನ ಕೈ ನಡುಗುತ್ತದೆ, ಎರಡೆರಡು ಸಲ ಎಳೆದಿದ್ದೆ ಎಂದೆ.

"ನಿಮ್ ಕೈ ನಡುಗಿದ್ದನ್ನ ನಾನು ಯಾವತ್ತೂ ನೋಡಿಲ್ಲ," ಎಂದಳು. "ಉತ್ತರ ತಪ್ಪಿದ್ರೆ ಆ ನಂಬರ್ ಗೋಡೆಗೆ ಅಂಟಿಸೋಕಷ್ಟೇ ಸರಿ ಅಂತ ನೀವೇ ಹೇಳ್ತಿದ್ರಿ. ಥೋರ್ಕಿಲ್ ಹತ್ರ ಮತ್ತೆ ಮಾತಾಡ್ತೀರಾ? ನಾನ್ ಬೇಕಾದ್ರೆ ಬಂದು ಕರ್ಕೊಂಡ್ ಹೋಗ್ತೀನಿ."

ಕೆಲಸವಿದೆ ಎಂದು ಫೋನಿಟ್ಟೆ. ಯಾವ ಕೆಲಸ? ಕಿಟಕಿಯ ಹತ್ತಿರ ಕೂತು ಅತ್ತೆ. ಅವಳ ಮೇಲೆ ಸಿಟ್ಟು ಬಂತು. ನನ್ನ ಪಾಠವನ್ನು ನನಗೇ ತಿರುಗಿಸುವುದೆಂದರೆ. ಒಬ್ಬಳಾದರೂ ಕೇಳಿದಳಲ್ಲ ಎಂದು ಆಮೇಲೆ ಅನ್ನಿಸಿತು.

ಮೂವತ್ತೊಂಬತ್ತೂವರೆ. ವ್ಯತ್ಯಾಸ ಮೂರೂವರೆ. ಎರಡು ಅಂಕ, ಸೋಫಾವನ್ನು ಬಿಟ್ಟೇ. ಹೊಲಿಗೆಯ ಟೇಪು ಹಳೆಯದು, ಹಿಗ್ಗಿರಬಹುದು.

ಮಾರ್ಚ್ ೩, ಸೋಮವಾರ

ಹಳೆಯದಾದರೆ ಟೇಪು ಹಿಗ್ಗುತ್ತದೆ, ಹಿಗ್ಗಿದ ಟೇಪು ಕಾಲನ್ನು ಸಣ್ಣದು ಮಾಡಿ ತೋರಿಸುತ್ತದೆ. ಮೂವತ್ತಾರು ವರ್ಷ ಅಳೆಯುವ ಕೆಲಸ ಮಾಡಿದವಳಿಗೆ ಇದು ಹೊಳೆಯಲು ಎರಡು ದಿನ ಬೇಕಾಯಿತು.

ಮೆಟ್ಟಿಲು ಹತ್ತಿದರೆ ಏದುಸಿರು. ನಾಳೆ ಥೋರ್ಕಿಲ್‌ಗೆ ಫೋನ್ ಮಾಡುತ್ತೇನೆ. ಮಾಡಿ ಏನು ಹೇಳುವುದು? ಸುಳ್ಳು ಹೇಳಿದ್ದೆ ಎಂದೇ? ಯಾಕೆ ಎಂದು ಕೇಳಿದರೆ?

ಮಾರ್ಚ್ ೬, ಗುರುವಾರ. ದೊಡ್ಡಾಸ್ಪತ್ರೆ

ನೋಟುಪುಸ್ತಕ ಮನೆಯಲ್ಲಿದೆ. ಊಟದ ಪಟ್ಟಿಯ ಹಿಂಬದಿಯಲ್ಲಿ ಬರೆಯುತ್ತಿದ್ದೇನೆ. ಇವತ್ತು ಬೇಯಿಸಿದ ಕಾಡ್ ಮೀನು, ಸಾಸಿವೆ ಗೊಜ್ಜು. ಪರವಾಗಿಲ್ಲ.

ಮಂಗಳವಾರ ಬೆಳಗ್ಗೆ ಪತ್ರಿಕೆ ತರಲು ಟಪಾಲು ಡಬ್ಬಿಯವರೆಗೆ ಹೋದೆ, ವಾಪಸು ಬರಲಾಗಲಿಲ್ಲ. ಇಪ್ಪತ್ತು ಹೆಜ್ಜೆ. ಎದೆಯ ಬಲಗಡೆ ಚಾಕು ಆಡಿದ ಹಾಗೆ. ಡಬ್ಬಿಯನ್ನು ಹಿಡಿದುಕೊಂಡು ನಿಂತಿದ್ದೆ. ಐನಾರ್ ಮನೆಚಪ್ಪಲಿಯಲ್ಲೇ ಓಡಿ ಬಂದ. ಏನಿಲ್ಲ ಎನ್ನಲು ಹೋದೆ, ಅನ್ನುವಷ್ಟು ಉಸಿರಿರಲಿಲ್ಲ. ಅದೇ ಒಳ್ಳೆಯದಾಯಿತು. ಅವನು ಆಂಬುಲೆನ್ಸಿಗೆ ಫೋನ್ ಮಾಡಿದ. ಹತ್ತಿರದಲ್ಲಿ ಗಾಡಿ ಇರಲಿಲ್ಲ, ಬರಲು ಅರ್ಧ ಗಂಟೆ, ನೀವೇ ಹೊರಟುಬಿಡಿ, ದಾರಿಯಲ್ಲಿ ಸಿಗುತ್ತೇವೆ ಎಂದರಂತೆ. ತನ್ನ ಹಳೆಯ ಕಾರಿನ ಹಿಂದಿನ ಸೀಟಿನಲ್ಲಿ ಒರಗಿಸಿ ಹೊರಟ. ಬಸ್ಸಿನಂತೆಯೇ ಓಡಿಸಿದ, ಒಂದು ಕುಲುಕಾಟವಿಲ್ಲ.

ರಾಜಮನೆತನದ ವಿಷಯ ಬಿಟ್ಟರೆ ಅವನದು ಮಾತು ಕಡಿಮೆ, ನನಗೆ ಮೌನ ತಡೆಯುವುದಿಲ್ಲ. ಇದೇ ಕೊನೆಯ ಮಾತಾದರೆ ಎಂಬ ಭಯವೂ ಇತ್ತು. ಉಸಿರು ಸಿಕ್ಕಾಗ ಸಿಕ್ಕಷ್ಟು, ಒಬ್ಬೊಬ್ಬರು ಹೇಗೆ ಬದಲಾಗುತ್ತಾರೆ ನೋಡು, ನೀನೂ ರಾಣಿಗೆ ಬಾವುಟ ಏರಿಸಿದೆಯಲ್ಲ ಎಂದೆ.

ಕನ್ನಡಿಯಲ್ಲಿ ನನ್ನನ್ನು ನೋಡಿದ.

"ರಾಣಿಗಾ? ರಾಣಿಗೆ ನಾನ್ ಜನ್ಮದಲ್ಲಿ ಏರ್ಸಿಲ್ಲ ಕಣೆ. ಅದು ನಿಂಗೆ."

ಬೇಕಾದವರ ಹುಟ್ಟುಹಬ್ಬಕ್ಕೆ ಬಾವುಟ ಏರಿಸುವುದು ನಮ್ಮಲ್ಲಿ ವಾಡಿಕೆ, ಅದು ನನಗೆ ಹೊಳೆದೇ ಇರಲಿಲ್ಲ.

"ಬರೋಣ ಅಂತಿದ್ದೆ," ಎಂದ, ರಸ್ತೆಯನ್ನೇ ನೋಡುತ್ತ. "ಆದ್ರೆ ಬೇಡ ಅಂತ ಅಚ್ಚು ಹಾಕ್ಸಿದ್ದೆ ನೀನು. ನಂಗೂ ಓದೋಕ್ ಬರತ್ತೆ. ಕಂಬ ನನ್ ಅಂಗಳದಲ್ಲಿದೆ, ಅದಕ್ಕಾದ್ರೂ ಬೇಡ ಅನ್ನೋಕೆ ನಿಂಗಾಗಲ್ಲ ಅಂದ್ಕೊಂಡೆ. ಸೂರ್ಯ ಮುಳುಗೋ ತನಕ ಇಳಿಸ್ಲಿಲ್ಲ. ನೀನು ಪರದೆ ಹಿಂದೆ ಸರಿದ್ಬಿಟ್ಟೆ."

ಅರ್ಧ ದಾರಿಯಲ್ಲಿ ಆಂಬುಲೆನ್ಸ್ ಸಿಕ್ಕಿತು. ಅದರ ಹಿಂದೆಯೇ ಕಾರು ತಂದ. ಮನೆಚಪ್ಪಲಿಯಲ್ಲೇ ಆಸ್ಪತ್ರೆಯ ಒಳಗೂ ಬಂದ.

ಇಲ್ಲಿಯ ಡಾಕ್ಟರ್ ಎತ್ತರದ ಹೆಂಗಸು, ನಡುವಯಸ್ಸು. ಮೂಗಿಗೆ ಆಮ್ಲಜನಕ ಕೊಟ್ಟು ಉಸಿರು ಹತೋಟಿಗೆ ಬಂದ ಮೇಲೆ ಅದೇ ಪಟ್ಟಿ ಹಿಡಿದಳು. ಐನಾರ್ ಹೊರಗೆ ಹೋಗಲು ಎದ್ದ. ಇರಲಿ ಎಂದೆ. ಯಾಕೆ ಹಾಗೆ ಅಂದೆನೋ ಗೊತ್ತಿಲ್ಲ. ನೋವು ಯಾವಾಗಿನಿಂದ ಎಂದಳು. ಹದಿನೆಂಟು ದಿನದಿಂದ ಎಂದೆ. ಇತ್ತೀಚೆಗೆ ಮಲಗಿಯೇ ಇದ್ದಿರಾ ಎಂದಳು.

"ಐದು ದಿನ. ಸೋಫಾದಲ್ಲಿ."

"ಏನಾಗಿತ್ತು ಆಗ? ಜ್ವರನಾ?"

"ಹುಟ್ಟುಹಬ್ಬ ಆಗಿತ್ತು."

ಅವಳ ಪೆನ್ನು ನಿಂತಿತು. ಐನಾರ್ ಟೋಪಿಯನ್ನು ಕೈಯಲ್ಲಿ ತಿರುಗಿಸುತ್ತಿದ್ದ.

"ಯಾರೂ ಬರ್ಲಿಲ್ಲ," ಎಂದೆ. "ನಾನೇ ಬರ್ಬೇಡಿ ಅಂದಿದ್ದೆ."

ಹೇಳಿದ ಮೇಲೆ ಆಕಾಶವೇನೂ ಕಳಚಿ ಬೀಳಲಿಲ್ಲ. ಡಾಕ್ಟರ್ ಒಂದು ಕ್ಷಣ ನನ್ನ ಮಣಿಕಟ್ಟು ಹಿಡಿದುಕೊಂಡಳು, ನಾಡಿ ನೋಡುವುದಕ್ಕಲ್ಲ. ಆಮೇಲೆ ಕಾಗದದಲ್ಲಿ ಬರೆದುಕೊಂಡಳು. ಕತ್ತು ಉದ್ದ ಮಾಡಿ ನೋಡಿದೆ. 'ಹೌದು' ಎಂಬಲ್ಲಿ ಒಂದು ಗುರುತು, ಅಷ್ಟೆ.

ಈ ಸಲ ಡಿ-ಡೈಮರ್ ಎಷ್ಟೆಂದು ಯಾರೂ ಕೇಳಲಿಲ್ಲ. ನೇರ ಸ್ಕ್ಯಾನಿಗೆ ಕರೆದೊಯ್ದರು. ಮೊಣಕಾಲಿನಿಂದ ತೊಡೆಯವರೆಗೆ ಹೆಪ್ಪು, ಅದರಿಂದ ಕಳಚಿದ ಎರಡು ತುಂಡು ಶ್ವಾಸಕೋಶದಲ್ಲಿ. ಇನ್ನೊಂದು ವಾರ ಬಿಟ್ಟು ಬಂದಿದ್ದರೆ ಎಂದು ಡಾಕ್ಟರ್ ಶುರುಮಾಡಿದಳು. ನನಗೆ ಗೊತ್ತು ಎಂದೆ.

ಥೋರ್ಕಿಲ್ ಫೋನ್ ಮಾಡಿ ತನ್ನಿಂದ ಏನಾದರೂ ತಪ್ಪಾಯಿತೇ ಎಂದು ಕೇಳಿದ. ಪಾಪ, ನಿದ್ದೆ ಮಾಡಿರಲಿಲ್ಲವಂತೆ. ನೀನು ಸರಿಯಾಗಿಯೇ ಕೇಳಿದೆ, ನಾನು ಸುಳ್ಳು ಹೇಳಿದೆ, ಇದನ್ನು ನನ್ನ ಕಡತದಲ್ಲಿ ಹಾಗೆಯೇ ಬರೆದಿಡು ಎಂದೆ. ಅವನು ಬರೆಯುವ ಸದ್ದು ಕೇಳುವವರೆಗೆ ಫೋನಿಡಲಿಲ್ಲ.

ಮಾರ್ಚ್ ೮, ಶನಿವಾರ

ಮನೆ. ರಕ್ತ ತೆಳುವಾಗಿಸುವ ಗುಳಿಗೆ, ದಿನಕ್ಕೆ ಎರಡು, ಕಡಿಮೆಯೆಂದರೂ ಆರು ತಿಂಗಳು. ಟಪಾಲು ಡಬ್ಬಿಯ ಪತ್ರಿಕೆಗಳನ್ನೆಲ್ಲ ಐನಾರ್ ಒಟ್ಟುಮಾಡಿಟ್ಟಿದ್ದ. ತಂದುಕೊಟ್ಟವನು ಹೊಸ್ತಿಲಲ್ಲೇ ನಿಂತ. ಒಳಗೆ ಬಾ ಎಂದು ಕರೆಯದೆ ನಮ್ಮವರು ಬರುವುದಿಲ್ಲ. ಚಳಿಗಾಳಿ ಒಳಗೆ ನುಗ್ಗುತ್ತಿತ್ತು, ಬಾಗಿಲು ಹಾಕಬೇಕಿತ್ತು, ಅದಕ್ಕೇ ಒಳಗೆ ಬಾ ಎಂದೆ. ಮೂರು ಗಂಟೆ ಕೂತಿದ್ದ. ಅವನಾಡಿದ ಮಾತು ಹತ್ತು ಇದ್ದರೆ ಹೆಚ್ಚು.

ಮಾರ್ಚ್ ೧೪, ಶುಕ್ರವಾರ

ಬಲ ಮೂವತ್ತಾರು, ಎಡ ಮೂವತ್ತೇಳೂವರೆ. ಇಳಿಯುತ್ತಿದೆ. ಟಪಾಲು ಡಬ್ಬಿಯವರೆಗೆ ಹೋಗಿ ನಿಲ್ಲದೆ ವಾಪಸು ಬಂದೆ.

ಸಿಸೆಲ್ ಫೋನ್ ಮಾಡಿ, ನಾಳೆ ಮಧ್ಯಾಹ್ನ ಮಗಳನ್ನು ಕರೆದುಕೊಂಡು ಬರಲೇ ಎಂದು ಕೇಳಿದಳು. ಬಾ ಎಂದೆ. ಕೇಕ್ ತರಲೇ, ಎಪ್ಪತ್ತರದು ಬಾಕಿಯಿದೆಯಲ್ಲ ಎಂದಳು. ಅದೆಲ್ಲ ಬೇಡ, ಸುಮ್ಮನೆ ಯಾಕೆ ತೊಂದರೆ ಎಂದೆ. ಸರಿ ಎಂದು ಇಟ್ಟಳು.

ಮೀನು ಹುರಿಯಲು ಇಟ್ಟೆ. ಆಲೂಗೆಡ್ಡೆ ಸುಲಿದೆ. ಆಮೇಲೆ ಒಲೆ ಆರಿಸಿ, ಕೈ ಒರೆಸಿಕೊಂಡು ಅವಳಿಗೆ ಮತ್ತೆ ಫೋನ್ ಮಾಡಿದೆ.

"ತಗೊಂಡ್ ಬಾ," ಎಂದೆ. "ಮೇಣದಬತ್ತಿನೂ ಇರ್ಲಿ."

ಫ್ರೀಜರಿನಿಂದ ಇಪ್ಪತ್ತಮೂರೂ ಬನ್ನುಗಳನ್ನು ಹೊರಗೆ ತೆಗೆದಿಟ್ಟಿದ್ದೇನೆ. ಐನಾರ್‌ನನ್ನೂ ಕರೆದರೆ ನಾಲ್ಕು ಜನ, ಅಷ್ಟು ಜನಕ್ಕೆ ಹೆಚ್ಚಾಗುತ್ತದೆ. ಹೆಡ್ವಿಗ್‌ಗೂ ಒಂದು ಮಾತು ಹೇಳಬೇಕು.